ಬೆಂಗಳೂರಿಗೆ ಹೂ ಮುಡಿಸಿದವರು

ಮೆಚ್ಚುಗೆ ಸೂಚಿಸುವ ಸಂದರ್ಭ ಬಂದರೆ ನಮಗೆ ಮೊದಲು ನೆನಪಾಗುವುದು ಹೂವು. ಸಭೆಗೆ ಬಂದ ಅತಿಥಿಗೆ ಹಾರ, ಮನೆಗೆ ಬಂದ ಹೆಣ್ಣುಮಕ್ಕಳಿಗೆ ಒಂದು ಮೊಳ ಮಲ್ಲಿಗೆ, ನಿವೃತ್ತರಾಗುವ ಮೇಷ್ಟರಿಗೆ ಸೇವಂತಿಗೆ ಮಾಲೆ. ಹೂ ಕೊಡದೆ ನಮ್ಮ ಕೃತಜ್ಞತೆ ಪೂರ್ತಿಯಾಗುವುದಿಲ್ಲ. ಆದರೆ ವರ್ಷ ವರ್ಷವೂ ಬೆಂಗಳೂರಿನ ರಸ್ತೆಗಳಿಗೆ ಹೂ ಮುಡಿಸಿದವರನ್ನು ನಾವು ಎಷ್ಟು ನೆನೆಯುತ್ತೇವೆ?

ಫೆಬ್ರುವರಿ, ಮಾರ್ಚ್ ಬಂತೆಂದರೆ ನಗರದ ಅನೇಕ ರಸ್ತೆಗಳಲ್ಲಿ ಎಲೆ ಉದುರಿದ ಟಬೂಬಿಯ ಮರಗಳು ಹಳದಿ, ಗುಲಾಬಿ ಬಣ್ಣ ತಳೆಯುತ್ತವೆ. ಅದರ ಬೆನ್ನಿಗೇ ಜಕರಂಡದ ನೀಲಿ. ಯುಗಾದಿಯ ಹೊತ್ತಿಗೆ ಹೊಂಗೆ. ಏಪ್ರಿಲ್, ಮೇ ತಿಂಗಳಲ್ಲಿ ಗುಲ್‌ಮೊಹರಿನ ಕೆಂಪು. ಮಳೆಗಾಲ ಮುಗಿಯುತ್ತಿದ್ದಂತೆ ಆಕಾಶಮಲ್ಲಿಗೆಯ ಬಿಳಿ. ಇದೆಲ್ಲ ಪ್ರಕೃತಿಯ ಕೊಡುಗೆ ಎಂದೇ ನಾವು ಭಾವಿಸಿದ್ದೇವೆ. ನಿಜವಾಗಿ ನೋಡಿದರೆ ಇದರಲ್ಲಿ ಮನುಷ್ಯನ ಲೆಕ್ಕಾಚಾರವೂ ಇದೆ. ಟಬೂಬಿಯ, ಜಕರಂಡಗಳ ತವರು ಅಮೆರಿಕ ಖಂಡಗಳು. ಗುಲ್‌ಮೊಹರ್ ಮಡಗಾಸ್ಕರಿನದು. ತಾವಾಗಿಯೇ ಅವು ಇಲ್ಲಿಗೆ ಬರಲಿಲ್ಲ.

ಈ ಲೆಕ್ಕ ಹಾಕಿದವರಲ್ಲಿ ಪ್ರಮುಖರು ಜರ್ಮನಿಯ ಗುಸ್ತಾವ್ ಹರ್ಮನ್ ಕ್ರುಂಬಿಗಲ್. 1865ರಲ್ಲಿ ಹುಟ್ಟಿದ ಅವರು ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡ ಸಂಸ್ಥಾನಕ್ಕೆ ಬಂದರು. 1908ರಲ್ಲಿ ಅವರನ್ನು ಮೈಸೂರು ಸಂಸ್ಥಾನಕ್ಕೆ ಕರೆಸಿಕೊಂಡವರು ನಾಲ್ವಡಿ ಕೃಷ್ಣರಾಜ ಒಡೆಯರು. ಒಂದು ಮರದ ಹೂ ಮುಗಿಯುವ ವೇಳೆಗೆ ಮತ್ತೊಂದು ಜಾತಿಯ ಮರ ಅರಳಬೇಕು, ವರ್ಷದ ಯಾವ ತಿಂಗಳೂ ನಗರ ಬರಿದಾಗಿ ಕಾಣಬಾರದು ಎಂಬುದು ಅವರ ಯೋಜನೆಯಾಗಿತ್ತು. ಅದಕ್ಕೆ ತಕ್ಕ ಜಾತಿಗಳನ್ನು ಆರಿಸಿ ಸಾಲುಮರಗಳಾಗಿ ನೆಡಿಸಿದರು. ಕೃಷ್ಣರಾಜಸಾಗರದ ಬೃಂದಾವನ ಉದ್ಯಾನದ ವಿನ್ಯಾಸದಲ್ಲೂ ಅವರ ಕೈಯಿದೆ.

ಈ ಕೆಲಸಕ್ಕೆ ನೆಲೆಯಾದದ್ದು ಲಾಲ್‌ಬಾಗ್. 1760ರಲ್ಲಿ ಹೈದರಾಲಿ ಆರಂಭಿಸಿದ ಆ ತೋಟ 1856ರಲ್ಲಿ ಸರಕಾರಿ ಸಸ್ಯೋದ್ಯಾನವಾಯಿತು. ಅಲ್ಲಿನ ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆಯಾಯಿತು. 1912ರಲ್ಲಿ ಸ್ಥಾಪನೆಯಾದ ಮೈಸೂರು ಉದ್ಯಾನ ಕಲಾ ಸಂಘ ಫಲಪುಷ್ಪ ಪ್ರದರ್ಶನಗಳ ಮೂಲಕ ಹೂವಿನ ಆಸಕ್ತಿಯನ್ನು ಮನೆಯಂಗಳಗಳಿಗೆ ತಲುಪಿಸಿತು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ವೇಳೆ ಗಾಜಿನ ಮನೆಯ ಮುಂದೆ ಕಾಣುವ ಉದ್ದನೆಯ ಸಾಲು ಆ ಪರಂಪರೆಯ ಮುಂದುವರಿಕೆ.

1932ರಲ್ಲಿ ಕ್ರುಂಬಿಗಲ್ ನಿವೃತ್ತರಾದರೂ ಕೆಲಸ ನಿಲ್ಲಲಿಲ್ಲ. ಎಚ್.ಸಿ. ಜವರಾಯ, ಅನಂತರ ಎಂ.ಎಚ್. ಮರಿಗೌಡ ಅದನ್ನು ಮುಂದುವರಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಹೊಸ ಬಡಾವಣೆಗಳಲ್ಲಿ ಲಕ್ಷಗಟ್ಟಲೆ ಸಸಿ ನೆಡಿಸಿದರು. ಇಂದು ನೆರಳು ಕೊಡುತ್ತಿರುವ ಎಷ್ಟೋ ಮರಗಳು ಆ ಕಾಲದವು.

ಕ್ರುಂಬಿಗಲ್ 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಹೊಸೂರು ರಸ್ತೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಲಾಲ್‌ಬಾಗಿನ ಪಕ್ಕದ ರಸ್ತೆಗೆ ಅವರ ಹೆಸರಿದೆ. ಉದ್ಯಾನದೊಳಗೆ ಅವರ ಹೆಸರಿನ ಹಳೆಯ ಸಭಾಂಗಣವೂ ಇತ್ತು. ದುರಸ್ತಿ ಕಾಣದೆ ಶಿಥಿಲವಾಗಿದ್ದ ಆ ಕಟ್ಟಡ 2017ರಲ್ಲಿ ಕುಸಿಯಿತು.

ಕಟ್ಟಡವನ್ನು ಮತ್ತೆ ಕಟ್ಟಬಹುದು. ಮರಗಳ ವಿಷಯ ಹಾಗಲ್ಲ. ರಸ್ತೆ ಅಗಲೀಕರಣ, ಮೇಲ್ಸೇತುವೆ, ಮೆಟ್ರೊ ಕಾಮಗಾರಿಗಳಿಗೆ ಎಷ್ಟೋ ಸಾಲುಮರಗಳು ಬಲಿಯಾಗಿವೆ. ಕಡಿದ ಮರಕ್ಕೆ ಪ್ರತಿಯಾಗಿ ಎಲ್ಲೋ ಊರಾಚೆ ಸಸಿ ನೆಟ್ಟರೆ ಸಂಖ್ಯೆ ಸರಿಹೋಗಬಹುದು, ಆ ರಸ್ತೆಯ ಹೂವಿನ ಸರದಿ ಮಾತ್ರ ತಪ್ಪಿಹೋಗುತ್ತದೆ. ಆ ಬೀದಿಯ ಮಕ್ಕಳ ಪಾಲಿಗೆ ಮಾರ್ಚ್ ತಿಂಗಳು ಬರೀ ಬಿಸಿಲಿನ ತಿಂಗಳಾಗಿ ಉಳಿಯುತ್ತದೆ.

ಹಾರ ಮರುದಿನಕ್ಕೆ ಬಾಡುತ್ತದೆ. ಈ ಹಿರಿಯರಿಗೆ ಸಲ್ಲಬೇಕಾದ ಗೌರವ ಬೇರೆ ಬಗೆಯದು. ಮರ ಕಡಿದ ಬೀದಿಯಲ್ಲೇ, ಅದೇ ತಿಂಗಳಲ್ಲಿ ಹೂ ಬಿಡುವ ಸಸಿಯೊಂದನ್ನು ನೆಟ್ಟು, ಅದು ಮರವಾಗುವವರೆಗೆ ನೀರೆರೆದರೆ ಅದೇ ಅವರಿಗೆ ನಿಜವಾದ ಸನ್ಮಾನ.