ಬೇವಿನ ಕಷಾಯ, ಬೆಳ್ಳಿಯ ಕಣ

ಮತ ಹಾಕುವಾಗ ಬೆರಳಿಗೆ ಹಚ್ಚುವ, ಮೈಸೂರಿನಲ್ಲಿ ತಯಾರಾಗುವ ಶಾಯಿಯಲ್ಲಿ ಸಿಲ್ವರ್ ನೈಟ್ರೇಟ್ ಇದೆ. ಬೆಳಕು ತಾಗಿ ಆ ಲವಣದ ಬೆಳ್ಳಿ ಮತ್ತೆ ಲೋಹವಾಗುವುದರಿಂದಲೇ ಗುರುತು ಕಪ್ಪಾಗಿ ಕೂರುತ್ತದೆ. ಇದೇ ಲವಣಕ್ಕೆ ಎಲೆಯ ಕಷಾಯ ಬೆರೆಸಿ, 1ರಿಂದ 100 ನ್ಯಾನೊಮೀಟರ್ ಗಾತ್ರದ ಬೆಳ್ಳಿಕಣಗಳನ್ನು ಪಡೆಯುವುದಕ್ಕೆ ‘ಹಸಿರು ಸಂಶ್ಲೇಷಣೆ’ ಎನ್ನುತ್ತಾರೆ.

ತಯಾರಿಸುವ ಬಗೆ

ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮುರಳಿ ಶಾಸ್ತ್ರಿ ಮತ್ತು ಸಂಗಡಿಗರು 2004ರಲ್ಲಿ ಬೇವಿನೆಲೆಯಿಂದ ಇದನ್ನು ಮಾಡಿ ತೋರಿಸಿದರು. ಎಲೆ ತೊಳೆದು, ಹೆಚ್ಚಿ, ಬಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿ ಸೋಸಬೇಕು. ನಲ್ಲಿ ನೀರು ಕೂಡದು. ಅದರಲ್ಲಿರುವ ಕ್ಲೋರೈಡ್ ಬೆಳ್ಳಿಯನ್ನು ಹಿಡಿದುಕೊಂಡು ದ್ರಾವಣ ಹಾಲು ಬೆರೆಸಿದಂತೆ ಕದಡುತ್ತದೆ. ಸೋಸಿದ ಕಷಾಯವನ್ನು ಸಿಲ್ವರ್ ನೈಟ್ರೇಟ್ ದ್ರಾವಣಕ್ಕೆ ಹಾಕುತ್ತಾರೆ. ಲವಣದ ಪ್ರಮಾಣ ಸಾಮಾನ್ಯವಾಗಿ ಲೀಟರಿಗೆ 0.17 ಗ್ರಾಂ, ಅಂದರೆ ಒಂದು ಚಿಟಿಕೆ. ತಿಳಿಹಳದಿ ದ್ರಾವಣ ನೋಡನೋಡುತ್ತ ಗಾಢವಾಗಿ, ಕೊನೆಗೆ ಚಹಾದ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗುತ್ತದೆ.

ಎಲೆಯಲ್ಲಿರುವ ಫ್ಲೇವನಾಯ್ಡ್, ಟರ್ಪಿನಾಯ್ಡ್, ಸಕ್ಕರೆಗಳು ಬೆಳ್ಳಿಯ ಅಯಾನಿಗೆ ಎಲೆಕ್ಟ್ರಾನ್ ಕೊಡುತ್ತವೆ. ಹುಟ್ಟಿದ ಕಣಗಳು ಒಂದಕ್ಕೊಂದು ಅಂಟದಂತೆ ಹೊದಿಕೆಯಾಗುವುದೂ ಎಲೆಯ ಅಂಶಗಳೇ. ಕಣದ ಎಲೆಕ್ಟ್ರಾನುಗಳು ಬೆಳಕಿನೊಡನೆ ಒಟ್ಟಾಗಿ ತೂಗಾಡಿ, 400–450 ನ್ಯಾನೊಮೀಟರ್ ಆಸುಪಾಸಿನ ನೀಲಿ ಭಾಗವನ್ನು ನುಂಗುವುದರಿಂದ ಆ ಬಣ್ಣ.

ಬ್ಯಾಕ್ಟೀರಿಯಾದ ಮೇಲೆ

ಬ್ಯಾಕ್ಟೀರಿಯಾವನ್ನು ಕೊಲ್ಲುವುದರಲ್ಲಿ ಬೆಳ್ಳಿಯ ಕಣಕ್ಕಿಂತ ಅದು ಬಿಡುವ ಅಯಾನಿನ ಕೆಲಸವೇ ದೊಡ್ಡದು. ಅಮೆರಿಕದ ರೈಸ್ ವಿಶ್ವವಿದ್ಯಾಲಯದವರು 2012ರಲ್ಲಿ ಆಮ್ಲಜನಕವಿಲ್ಲದೆಡೆ ಪ್ರಯೋಗ ನಡೆಸಿದಾಗ, ಅಯಾನು ಬಿಡಲಾಗದ ಕಣಗಳು ಇ. ಕೋಲಿಯನ್ನು ಕೊಲ್ಲಲಿಲ್ಲ. ಅಯಾನು ಕಿಣ್ವಗಳ ಗಂಧಕಕ್ಕೆ ಅಂಟಿ ಅವನ್ನು ನಿಷ್ಕ್ರಿಯಗೊಳಿಸುತ್ತದೆ, ಜೀವಕೋಶದ ಪೊರೆಯನ್ನೂ ಕೆಡಿಸುತ್ತದೆ. ದಪ್ಪ ಗೋಡೆಯ ಸ್ಟೆಫಿಲೊಕಾಕಸ್ ಸಾಮಾನ್ಯವಾಗಿ ಇ. ಕೋಲಿಗಿಂತ ಹೆಚ್ಚು ತಡೆದುಕೊಳ್ಳುತ್ತದೆ.

ಪರೀಕ್ಷೆಗೆ ಬ್ಯಾಕ್ಟೀರಿಯಾ ಹರಡಿದ ಅಗಾರ್ ತಟ್ಟೆಯಲ್ಲಿ ಗುಳಿ ಕೊರೆದು ಕಣದ ದ್ರಾವಣ ತುಂಬಿ, ರಾತ್ರಿಯಿಡೀ 37 ಡಿಗ್ರಿಯಲ್ಲಿ ಇಡುತ್ತಾರೆ. ಬೆಳಗ್ಗೆ ಗುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ಉಂಗುರ ಕಾಣುತ್ತದೆ. ಆ ಉಂಗುರವನ್ನಷ್ಟೇ ನಂಬಬಾರದು. ಬರೀ ಕಷಾಯಕ್ಕೆ ಒಂದು ಗುಳಿ, ಬರೀ ಸಿಲ್ವರ್ ನೈಟ್ರೇಟಿಗೆ ಇನ್ನೊಂದು ಪಕ್ಕದಲ್ಲಿ ಇರಲೇಬೇಕು; ಇಲ್ಲವಾದರೆ ಕೊಂದದ್ದು ಯಾವುದೆಂದು ಹೇಳುವುದು ಹೇಗೆ?

ತೊಡಕುಗಳು

ಚೈತ್ರದ ಚಿಗುರಿಗೂ ಬಲಿತ ಎಲೆಗೂ ರಸ ಒಂದೇ ಅಲ್ಲ. ಹಾಗಾಗಿ ಕಣದ ಗಾತ್ರವೂ ಬದಲಾಗುತ್ತದೆ, ಔಷಧ ತಯಾರಿಕೆಗೆ ಇದೇ ದೊಡ್ಡ ತಲೆನೋವು. ಬೆಳ್ಳಿ ಹೆಚ್ಚುಕಾಲ ದೇಹ ಸೇರಿದರೆ ಚರ್ಮ ನೀಲಿಬೂದು ಬಣ್ಣಕ್ಕೆ ತಿರುಗಿ ಹಾಗೆಯೇ ಉಳಿಯುತ್ತದೆ. ಬ್ಯಾಕ್ಟೀರಿಯಾ ಬೆಳ್ಳಿಗೂ ಒಗ್ಗಿಕೊಳ್ಳಬಲ್ಲವು: ಸಿಲ್ವರ್ ನೈಟ್ರೇಟಿಗೆ ಬಗ್ಗದ ಸಾಲ್ಮೊನೆಲ್ಲಾ 1975ರಷ್ಟು ಹಿಂದೆಯೇ ಅಮೆರಿಕದ ಸುಟ್ಟಗಾಯದ ವಾರ್ಡೊಂದರಿಂದ ವರದಿಯಾಗಿತ್ತು.