ಒಂದು ಯುದ್ಧ ನಿಂತಿತು, ಇನ್ನೊಂದು ನಿಲ್ಲಲಿಲ್ಲ

1916ರ ಜೂನ್ 21ರಂದು ಉತ್ತರ ಮೆಕ್ಸಿಕೊದ ಕರಿಸಾಲ್ ಎಂಬ ಸಣ್ಣ ಊರಿನ ಹೊರಗೆ, ಅಮೆರಿಕ ಸೇನೆಯ ಕ್ಯಾಪ್ಟನ್ ಲೂಯಿಸ್ ಮೋರಿ ಗಾಯಗೊಂಡು ಒಂದು ಗುಂಡಿಯಲ್ಲಿ ಅಡಗಿ ಕುಳಿತು ಕಾಗದ ಬರೆದ. ಅಂದು ಬೆಳಿಗ್ಗೆ ನಡೆದದ್ದನ್ನು ತನ್ನ ಮೇಲಧಿಕಾರಿಗಳಿಗೆ ತಿಳಿಸುವುದಷ್ಟೇ ಅವನ ಉದ್ದೇಶವಾಗಿತ್ತು. ಒಂದು ಯುದ್ಧವನ್ನು ತಡೆಯುವುದರಲ್ಲಿ ಆ ಕಾಗದಕ್ಕೂ ಪಾಲಿರುತ್ತದೆ ಎಂದು ಅವನು ಎಣಿಸಿರಲಾರ.

ಹಿನ್ನೆಲೆ ಇಷ್ಟು. ಆ ವರ್ಷದ ಮಾರ್ಚ್ 9ರಂದು ಮೆಕ್ಸಿಕೊದ ಬಂಡಾಯಗಾರ ಪಾಂಚೊ ವಿಯ್ಯಾನ ಪಡೆ ಗಡಿ ದಾಟಿ ಬಂದು ನ್ಯೂ ಮೆಕ್ಸಿಕೊದ ಕೊಲಂಬಸ್ ಊರಿಗೆ ಬೆಂಕಿಯಿಟ್ಟಿತು. ಹದಿನೆಂಟು ಅಮೆರಿಕನ್ನರು ಸತ್ತರು. ಅವನನ್ನು ಹಿಡಿಯಲೆಂದು ಅಧ್ಯಕ್ಷ ವುಡ್ರೊ ವಿಲ್ಸನ್, ಜನರಲ್ ಪರ್ಶಿಂಗ್ ಕೈಕೆಳಗೆ ಸೇನೆ ಕಳಿಸಿದರು. ವಿಯ್ಯಾ ಸಿಗಲಿಲ್ಲ, ಸೇನೆ ಒಳಕ್ಕೆ ಹೋಗುತ್ತಲೇ ಇತ್ತು. ವಿಯ್ಯಾನಿಗೆ ತಾನೇ ವೈರಿಯಾಗಿದ್ದ ಮೆಕ್ಸಿಕೊದ ಕರಾನ್ಸಾ ಸರ್ಕಾರಕ್ಕೂ ಇದು ಸಹಿಸಲಾಗದ ಮಾತಾಯಿತು. ಯಾವ ದೇಶ ತಾನೇ ಸಹಿಸೀತು? ಜೂನ್ ಹೊತ್ತಿಗೆ ವಿಲ್ಸನ್ ಒಂದು ಲಕ್ಷಕ್ಕೂ ಹೆಚ್ಚು ನ್ಯಾಷನಲ್ ಗಾರ್ಡ್ ಸೈನಿಕರನ್ನು ಗಡಿಗೆ ಕರೆದಿದ್ದರು.

ಕರಿಸಾಲ್‌ನಲ್ಲಿ ಕರಿಯ ಸೈನಿಕರ ಹತ್ತನೆಯ ಅಶ್ವದಳದ ತುಕಡಿಗಳು ಊರೊಳಗೆ ಹಾದುಹೋಗಲು ಹೊರಟವು. ಮೆಕ್ಸಿಕೊದ ಜನರಲ್ ಗೋಮೆಸ್ ಒಪ್ಪಲಿಲ್ಲ. ಅಮೆರಿಕದ ಕ್ಯಾಪ್ಟನ್ ಬಾಯ್ಡ್ ಹಿಂದೆಗೆಯಲಿಲ್ಲ. ಗುಂಡು ಹಾರಿತು, ಗೋಮೆಸ್, ಬಾಯ್ಡ್ ಇಬ್ಬರೂ ಅಲ್ಲೇ ಸತ್ತರು, ಇಪ್ಪತ್ತಕ್ಕೂ ಹೆಚ್ಚು ಅಮೆರಿಕನ್ ಸೈನಿಕರು ಸೆರೆಸಿಕ್ಕರು. ಮೊದಲು ಬಂದ ಸುದ್ದಿ, ಮೆಕ್ಸಿಕೊದವರು ಮೋಸದಿಂದ ಬಲೆಗೆ ಕೆಡವಿ ಕೊಂದರು ಎಂಬುದು. ಸಂಸತ್ತಿನ ಮುಂದೆ ಹೋಗಿ, ಉತ್ತರ ಮೆಕ್ಸಿಕೊದಲ್ಲಿ ಸೇನೆಯನ್ನು ಬಳಸಲು ಅಧಿಕಾರ ಕೇಳಲು ವಿಲ್ಸನ್ ಭಾಷಣದ ಕರಡನ್ನೂ ಸಿದ್ಧಪಡಿಸಿಟ್ಟುಕೊಂಡರು. (ಅಲ್ಲಿ ಸಂಸತ್ತಿನ ಹೆಸರೇ ಕಾಂಗ್ರೆಸ್. ನಮ್ಮ ಪಕ್ಷದ ನೆನಪು ಬಂದು ಗೊಂದಲವಾಗದಿರಲೆಂದು ಇಲ್ಲಿ ಸಂಸತ್ತು ಎಂದೇ ಹೇಳುವುದು ವಾಸಿ.)

ಆಗ ಮೋರಿಯ ಕಾಗದ ಹೊರಬಿತ್ತು. ಮೆಕ್ಸಿಕೊದವರು ಮುಂಚೆಯೇ ತಡೆದಿದ್ದರು, ಮುಂದೊತ್ತಿದ್ದು ನಾವೇ ಎಂಬುದು ಅದರಿಂದ ಸ್ಪಷ್ಟವಾಗುತ್ತಿತ್ತು. ಅದರ ಬೆಲೆ ತಿಳಿದವರು ನ್ಯೂಯಾರ್ಕಿನ ಒಂದು ಪುಟ್ಟ ಗುಂಪಿನವರು. ಅಮೆರಿಕನ್ ಯೂನಿಯನ್ ಅಗೇನ್ಸ್ಟ್ ಮಿಲಿಟರಿಸಂ ಎಂಬುದು ಅದರ ಹೆಸರು; ಸೇನಾವಾದವನ್ನು ವಿರೋಧಿಸುವವರ ಕೂಟ. ಬಡವರ ಕೇರಿಗಳಲ್ಲಿ ದಾದಿಯಾಗಿ ದುಡಿದ ಲಿಲಿಯನ್ ವಾಲ್ಡ್, ವಕೀಲೆ ಕ್ರಿಸ್ಟಲ್ ಈಸ್ಟ್‌ಮನ್, ಪತ್ರಕರ್ತ ಪಾಲ್ ಕೆಲ್ಲಾಗ್ ಮೊದಲಾದವರು ಅದರಲ್ಲಿದ್ದರು. ಅವರು ಭಾಷಣ ಮಾಡುತ್ತ ಕೂರಲಿಲ್ಲ. ದುಡ್ಡು ಹೊಂದಿಸಿ ದೊಡ್ಡ ಪತ್ರಿಕೆಗಳಲ್ಲಿ ಪುಟಪೂರ್ತಿ ಜಾಹೀರಾತು ಕೊಟ್ಟು, ಮೋರಿಯ ಹೇಳಿಕೆಯನ್ನೇ ಜನರ ಮುಂದಿಟ್ಟರು; ಓದಿದವರು ವಾಷಿಂಗ್ಟನ್ನಿಗೆ ತಂತಿ ಕಳಿಸಿ ಎಂದರು.

ತಂತಿಗಳು ಬಂದವು, ರಾಶಿರಾಶಿಯಾಗಿ. ಜೂನ್ 28ರಂದು ಕರಾನ್ಸಾ ಸೆರೆಯಾಳುಗಳನ್ನು ಬಿಡಲು ಅಪ್ಪಣೆ ಕೊಟ್ಟರು. ಎರಡು ದಿನ ಕಳೆದು ನ್ಯೂಯಾರ್ಕಿನ ಪ್ರೆಸ್ ಕ್ಲಬ್ಬಿನಲ್ಲಿ ಮಾತನಾಡಿದ ವಿಲ್ಸನ್, ತಮಗೆ ಬರುತ್ತಿರುವ ಕಾಗದಗಳ ವಿಷಯ ತೆಗೆದರು. ಯಾರೂ ಹೆಸರು ಕೇಳಿರದ ಜನ ಬರೆಯುತ್ತಿದ್ದಾರೆ, ಎಲ್ಲರದೂ ಒಂದೇ ಬೇಡಿಕೆ, ಯುದ್ಧ ಬೇಡ ಎಂದು. ಹಿಂದಿನ ದಿನ ರೈಲಿನಿಂದಿಳಿಯುವಾಗ ಎಂಜಿನ್ ಡ್ರೈವರ್ ತಮ್ಮ ಕಿವಿಯ ಬಳಿ ಮೆಲ್ಲಗೆ, ಮೆಕ್ಸಿಕೊದ ಉಸಾಬರಿಗೆ ಹೋಗಬೇಡಿ ಎಂದ ಎಂದೂ ಹೇಳಿದರು. ಸಿದ್ಧವಾಗಿದ್ದ ಭಾಷಣ ಸಂಸತ್ತಿನ ಮುಂದೆ ಬರಲೇ ಇಲ್ಲ. ಎರಡೂ ದೇಶಗಳ ಜಂಟಿ ಆಯೋಗ ಕೂತು ಮಾತಾಡಿತು. 1917ರ ಫೆಬ್ರುವರಿಯಲ್ಲಿ ಪರ್ಶಿಂಗ್ ಸೇನೆ ಹಿಂದಿರುಗಿತು. ನವೆಂಬರಿನ ಚುನಾವಣೆಯಲ್ಲಿ ವಿಲ್ಸನ್, ನಮ್ಮನ್ನು ಯುದ್ಧದಿಂದ ಹೊರಗಿಟ್ಟವರು ಎಂಬ ಘೋಷಣೆಯ ಮೇಲೆಯೇ ಗೆದ್ದಿದ್ದರು.

ಇದೆಲ್ಲ ತಮ್ಮಿಂದಲೇ ಆಯಿತೆಂದು ಆ ಕೂಟದವರು ಹೆಮ್ಮೆಪಟ್ಟರು. ಅಷ್ಟು ಸಲೀಸಲ್ಲ. ಯುರೋಪಿನ ಯುದ್ಧ ಯಾವ ಗಳಿಗೆಯಲ್ಲಾದರೂ ಅಮೆರಿಕವನ್ನು ಸೆಳೆಯಬಹುದೆಂದು ಬಲ್ಲ ವಿಲ್ಸನ್‌ಗೆ ಮೆಕ್ಸಿಕೊದಲ್ಲಿ ಸಿಕ್ಕಿಕೊಳ್ಳುವುದು ಬೇಕಿರಲಿಲ್ಲ. ಕರಾನ್ಸಾ ಸೆರೆಯಾಳುಗಳನ್ನು ಬಿಡದಿದ್ದರೆ ಕತೆ ಬೇರೆಯೇ ಆಗುತ್ತಿತ್ತು. ಆದರೂ ಮನಸ್ಸು ಎರಡಾಗಿದ್ದ ಒಬ್ಬ ಅಧ್ಯಕ್ಷನಿಗೆ ಹಿಂದೆಗೆಯಲು ಜನ ಒಂದು ನೆಪ ಒದಗಿಸಿದರು ಎನ್ನಲು ಅಡ್ಡಿಯಿಲ್ಲ. ನೆಪವೂ ದೊಡ್ಡದೇ.

ಒಂಬತ್ತು ತಿಂಗಳ ಮೇಲೆ ಅದೇ ಜನ ಅದೇ ಹತ್ಯಾರಗಳನ್ನು ಮತ್ತೆ ಕೈಗೆತ್ತಿಕೊಂಡರು. ಈ ಸಲ ಎದುರಿಗಿದ್ದದ್ದು ಜರ್ಮನಿಯ ಮೇಲಿನ ಯುದ್ಧ. 1917ರ ಫೆಬ್ರುವರಿ 1ರಿಂದ ಜರ್ಮನಿಯ ಸಬ್‌ಮರೀನುಗಳು ತಟಸ್ಥ ದೇಶಗಳ ಹಡಗುಗಳನ್ನೂ ಮುಳುಗಿಸತೊಡಗಿದ್ದವು. ಫೆಬ್ರುವರಿ 28ರಂದು ಜೇನ್ ಆಡಮ್ಸ್ ಮತ್ತಿತರರು ಶ್ವೇತಭವನಕ್ಕೆ ಹೋಗಿ ವಿಲ್ಸನ್‌ರನ್ನು ಕಂಡರು. ಯುದ್ಧದಲ್ಲಿ ಪಾಲ್ಗೊಂಡ ದೇಶದ ಮುಖ್ಯಸ್ಥನಿಗೆ ಶಾಂತಿಸಂಧಾನದ ಮೇಜಿನ ಮುಂದೆ ಕುರ್ಚಿ ಇರುತ್ತದೆ, ತಟಸ್ಥನಾದವನು ಬಾಗಿಲ ಸಂದಿಯಿಂದ ಕೂಗಬೇಕಷ್ಟೇ ಎಂಬರ್ಥದ ಮಾತನ್ನು ವಿಲ್ಸನ್ ಆಡಿದರೆಂದು ಆಡಮ್ಸ್ ಮುಂದೆ ಬರೆದರು. ಹೋದವರಿಗೆ ಅಲ್ಲಿಯೇ ಅರ್ಥವಾಗಿರಬೇಕು. ಮಾರನೆಯ ದಿನ ಪತ್ರಿಕೆಗಳಲ್ಲಿ ಜಿಮ್ಮರ್‌ಮನ್ ತಂತಿ ಪ್ರಕಟವಾಯಿತು: ಅಮೆರಿಕದ ಮೇಲೆ ಯುದ್ಧವಾದರೆ ತಮ್ಮ ಜೊತೆ ಸೇರಿ, ಕಳೆದುಕೊಂಡ ಟೆಕ್ಸಸ್, ನ್ಯೂ ಮೆಕ್ಸಿಕೊ, ಅರಿಜೋನಾಗಳನ್ನು ಮರಳಿ ಪಡೆಯಿರಿ ಎಂದು ಜರ್ಮನಿ ಮೆಕ್ಸಿಕೊಗೆ ಆಮಿಷವೊಡ್ಡಿತ್ತು. ಹಿಂದಿನ ವರ್ಷ ಒಂದು ಕಾಗದ ಶಾಂತಿಯವರ ಕೈಗೆ ಬಂದಿತ್ತು. ಈ ವರ್ಷದ ಕಾಗದ ಯುದ್ಧದವರ ಕೈ ಸೇರಿತು.

ಅಧ್ಯಕ್ಷರ ದಾರಿ ಮುಚ್ಚಿದ ಮೇಲೆ ಉಳಿದದ್ದು ಸಂಸತ್ತು. ಯುದ್ಧ ಸಾರುವ ಅಧಿಕಾರ ಅಮೆರಿಕದ ಸಂವಿಧಾನದಲ್ಲಿ ಅದರದೇ. ಏಪ್ರಿಲ್ 2ರಂದು ವಿಲ್ಸನ್ ಯುದ್ಧ ಕೇಳಲಿದ್ದರು. ಅಂದು ಹಲವು ಊರುಗಳಿಂದ ಶಾಂತಿವಾದಿಗಳು ವಾಷಿಂಗ್ಟನ್ನಿಗೆ ಬಂದು ತಮ್ಮ ತಮ್ಮ ಸೆನೆಟರುಗಳ ಕಚೇರಿ ಹುಡುಕಿಕೊಂಡು ಹೋದರು. ಬಾಸ್ಟನ್ ಕಡೆಯ ಅಲೆಕ್ಸಾಂಡರ್ ಬ್ಯಾನ್‌ವಾರ್ಟ್ ಎಂಬ ಮಾಜಿ ಬೇಸ್‌ಬಾಲ್ ಆಟಗಾರ, ತನ್ನ ಸೆನೆಟರ್ ಹೆನ್ರಿ ಕ್ಯಾಬಟ್ ಲಾಡ್ಜ್ ಜೊತೆ ಕಾರಿಡಾರಿನಲ್ಲಿ ವಾದಕ್ಕಿಳಿದ. ಹೇಡಿ ಎಂಬ ಮಾತು ಬಂತು. ಅರವತ್ತಾರರ ಲಾಡ್ಜ್, ಮೂವತ್ತಾರರ ಬ್ಯಾನ್‌ವಾರ್ಟ್, ಹೊಡೆದಾಟವೇ ಆಯಿತು. ಪೊಲೀಸರು ಹಿಡಿದದ್ದು ಬ್ಯಾನ್‌ವಾರ್ಟ್‌ನನ್ನು. ಪತ್ರಿಕೆಗಳ ಪಾಲಿಗೆ ಮುದುಕ ಸೆನೆಟರ್ ವೀರನಾದ.

ಹೊಡೆದಾಟದ ಸುದ್ದಿಯ ಅಬ್ಬರದಲ್ಲಿ ಮುಖ್ಯವಾದ ಕೆಲಸ ಮರೆಯಾಯಿತು. ಮಿನೆಸೋಟದ ಸಂಸದ ಅರ್ನೆಸ್ಟ್ ಲುಂಡೀನ್ ತನ್ನ ಕ್ಷೇತ್ರದ ಮತದಾರರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿ ಅಭಿಪ್ರಾಯ ಕೇಳಿದ. ಉತ್ತರಿಸಿದವರಲ್ಲಿ ಬಹುಪಾಲು ಜನ ಯುದ್ಧ ಬೇಡವೆಂದರು. ವಿಸ್ಕಾನ್ಸಿನ್‌ನ ಮನ್ರೋ ಎಂಬ ಊರಿನವರು ತಾವಾಗಿಯೇ ಮತ ಹಾಕಿದರು: ಬೇಡವೆಂದವರು 954, ಬೇಕೆಂದವರು 95. ಏಪ್ರಿಲ್ 4ರಂದು ಸೆನೆಟರ್ ರಾಬರ್ಟ್ ಲಫಾಲೆಟ್ ಈ ಲೆಕ್ಕವನ್ನು ಸೆನೆಟಿನಲ್ಲಿ ಮುಂದಿಟ್ಟರು. ತಮಗೆ 44 ರಾಜ್ಯಗಳಿಂದ ಸುಮಾರು 15,000 ಕಾಗದ, ತಂತಿಗಳು ಬಂದಿವೆ, ಹತ್ತರಲ್ಲಿ ಒಂಬತ್ತು ತಮ್ಮ ನಿಲುವನ್ನು ಒಪ್ಪುತ್ತವೆ ಎಂದರು.

ಈ ಲೆಕ್ಕವನ್ನು ಹಾಗೇ ನುಂಗುವಂತಿಲ್ಲ. ಯುದ್ಧವಿರೋಧಿಯೆಂದು ದೇಶಕ್ಕೆಲ್ಲ ಗೊತ್ತಿರುವವನಿಗೆ ಯುದ್ಧವಿರೋಧಿಗಳೇ ಬರೆಯುತ್ತಾರೆ. ವಿಸ್ಕಾನ್ಸಿನ್, ಮಿನೆಸೋಟಗಳಲ್ಲಿ ಜರ್ಮನ್, ಸ್ವಿಸ್, ಸ್ಕ್ಯಾಂಡಿನೇವಿಯನ್ ಮೂಲದ ಜನ ಬಹಳ. ಯುದ್ಧ ಬೇಕೆನ್ನುವ ತಂತಿಗಳೂ ಬೇರೆ ಸಂಸದರ ಮೇಜಿನ ಮೇಲೆ ಬಿದ್ದಿದ್ದವು. ಆದರೆ ದೇಶ ಒಕ್ಕೊರಲಿನಿಂದ ಯುದ್ಧ ಕೇಳಿತು ಎಂಬ ಕತೆ ಮಾತ್ರ ಆ ಕಾಗದಗಳ ಮುಂದೆ ನಿಲ್ಲುವುದಿಲ್ಲ.

ಸೆನೆಟ್ 82-6ರಿಂದ ಯುದ್ಧಕ್ಕೆ ಒಪ್ಪಿತು. ಆ ಆರು ಮಂದಿಯೂ ಮಹಾತ್ಮರೇನಲ್ಲ. ಮಿಸಿಸಿಪ್ಪಿಯ ವಾರ್ಡಮನ್ ಕರಿಯರ ವಿರುದ್ಧ ವಿಷ ಕಾರುತ್ತಲೇ ಮೇಲೆ ಬಂದವರು. ಪ್ರತಿನಿಧಿ ಸಭೆ ಏಪ್ರಿಲ್ 6ರ ನಸುಕಿನಲ್ಲಿ, 373-50ರಿಂದ ಒಪ್ಪಿತು. ಬೇಡವೆಂದವರಲ್ಲಿ ಮೊಂಟಾನಾದ ಜೆನೆಟ್ ರ‍್ಯಾಂಕಿನ್ ಒಬ್ಬರು. ಆ ಸಂಸತ್ತಿಗೆ ಆಯ್ಕೆಯಾದ ಮೊದಲ ಹೆಣ್ಣು, ಪ್ರಮಾಣವಚನ ತೆಗೆದುಕೊಂಡು ವಾರವೂ ಆಗಿರಲಿಲ್ಲ. ಅವರ ಮೇಲಿನ ಒತ್ತಡ ಎರಡೂ ಕಡೆಯಿಂದ ಬಂದಿತ್ತು: ಬೇಡವೆಂದರೆ ಹೆಂಗಸರ ಮತದಾನದ ಹಕ್ಕಿನ ಹೋರಾಟಕ್ಕೇ ಪೆಟ್ಟು ಎಂದು ಕೆಲವು ಹೋರಾಟಗಾರ್ತಿಯರು, ಬೇಕೆನ್ನು ಎಂದು ಸ್ವಂತ ತಮ್ಮ ವೆಲಿಂಗ್ಟನ್, ಮೊದಲ ಹೆಣ್ಣೇ ಯುದ್ಧಕ್ಕೆ ಕೈಯೆತ್ತಿದರೆ ಹೇಗೆ ಎಂದು ಆಲಿಸ್ ಪಾಲ್. ರ‍್ಯಾಂಕಿನ್ ಬೇಡವೆಂದರು. ಐವತ್ತು ಜನರಲ್ಲಿ ನಲವತ್ತೊಂಬತ್ತು ಗಂಡಸರಿದ್ದರೂ ಪತ್ರಿಕೆಗಳಿಗೆ ಕಂಡದ್ದು ಅವರೊಬ್ಬರೇ.

ಮುಂದೆ ಯುದ್ಧದಲ್ಲಿ ಅಮೆರಿಕದ ಒಂದು ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಜೂನ್‌ನಲ್ಲಿ ಗೂಢಚರ್ಯೆ ಕಾಯಿದೆ ಬಂದು, ಏಪ್ರಿಲ್‌ನಲ್ಲಿ ತಂತಿಯಲ್ಲಿ ಬರೆಯಬಹುದಾಗಿದ್ದ ಮಾತನ್ನು ಗಟ್ಟಿಯಾಗಿ ಆಡಿದವರು ಜೈಲು ಕಂಡರು. ಲಫಾಲೆಟ್‌ರನ್ನು ಸೆನೆಟಿನಿಂದ ಹೊರಹಾಕಬೇಕೆಂಬ ಅರ್ಜಿ ಯುದ್ಧ ಮುಗಿಯುವ ತನಕ ತೂಗಾಡಿತು. ನ್ಯೂಯಾರ್ಕಿನ ಆ ಪುಟ್ಟ ಕೂಟ ಒಡೆಯಿತು; ಸರ್ಕಾರವನ್ನು ಇನ್ನು ಎದುರುಹಾಕಿಕೊಳ್ಳುವುದು ಬೇಡವೆಂದವರು ದೂರವಾದರು. ಜೈಲು ಸೇರಿದವರ, ಸೇನೆಗೆ ಸೇರಲು ಒಪ್ಪದವರ ಪರ ನಿಲ್ಲಲು ಕ್ರಿಸ್ಟಲ್ ಈಸ್ಟ್‌ಮನ್ ಮತ್ತು ರೋಜರ್ ಬಾಲ್ಡ್ವಿನ್ ಅದರೊಳಗೇ ಒಂದು ಶಾಖೆ ತೆರೆದಿದ್ದರು. ಅದು ಬೇರೆಯಾಗಿ ಬೆಳೆದು 1920ರಲ್ಲಿ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಆಯಿತು.

ಬ್ಯಾನ್‌ವಾರ್ಟ್ ಸುಮ್ಮನಿರಲಿಲ್ಲ. ಲಾಡ್ಜ್ ಮೇಲೆ ದಾವೆ ಹೂಡಿದ. ಎರಡು ವರ್ಷದ ನಂತರ ಅದು ರಾಜಿಯಲ್ಲಿ ಮುಗಿಯಿತು. ಅಂದು ಮೊದಲು ಕೈ ಮಾಡಿದ್ದು ತಾವೇ ಎಂದು ಸೆನೆಟರ್ ಒಪ್ಪಿಕೊಂಡರು.