ಸಿ.ಡಿ.ಯಿಂದ ಇಳಿಸಿಕೊಂಡ ಹಾಡುಗಳು

ಸಂಗೀತದ ಸಿ.ಡಿ.ಯೊಳಗೆ ಹಾಡಿನ ಹೆಸರು ಇರುವುದಿಲ್ಲ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಸೇರಿ ರೂಪಿಸಿ 1982ರಲ್ಲಿ ಮಾರುಕಟ್ಟೆಗೆ ತಂದ ಆ 12 ಸೆಂಟಿಮೀಟರಿನ ತಟ್ಟೆಯಲ್ಲಿ ಇರುವುದು ಧ್ವನಿಯ ಅಂಕಿಗಳು, ಜೊತೆಗೆ ಯಾವ ಹಾಡು ಎಲ್ಲಿಂದ ಆರಂಭವಾಗುತ್ತದೆ ಎಂಬ ಸಣ್ಣ ಪಟ್ಟಿ, ಅಷ್ಟೆ. ಹೆಸರುಗಳನ್ನೂ ಸೇರಿಸಬಲ್ಲ ಸಿ.ಡಿ.-ಟೆಕ್ಸ್ಟ್ ಎಂಬ ಏರ್ಪಾಡು ಮುಂದೆ ಬಂದಿತಾದರೂ ಅದನ್ನು ಬಳಸಿದ ಪ್ರಕಾಶಕರು ವಿರಳ. ಕವಿ ಯಾರು, ರಾಗ ಸಂಯೋಜಿಸಿದವರು ಯಾರು, ಹಾಡಿದವರು ಯಾರು ಎಂಬುದೆಲ್ಲ ಇದ್ದದ್ದು ಡಬ್ಬಿಯೊಳಗೆ ಮಡಿಚಿಟ್ಟ ಕಾಗದದಲ್ಲಿ. ದೆಹಲಿಯ ಕನ್ನಡಿಗರು ತಮ್ಮ ಸಿ.ಡಿ.ಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡ ಚರಿತ್ರೆಯಲ್ಲಿ ನಮಗೆ ಮುಖ್ಯವಾಗಿ ಕಾಣುವುದು ಇದೇ: ಧ್ವನಿ ಬಹುಮಟ್ಟಿಗೆ ಕ್ಷೇಮವಾಗಿ ದಾಟಿತು, ಕಾಗದ ದಾಟಲಿಲ್ಲ.

ಈ ಚರಿತ್ರೆಗೆ ದೆಹಲಿಯೂ ನೋಯ್ಡಾವೂ ಬರಿಯ ಹಿನ್ನೆಲೆಯಲ್ಲ. ದರಿಯಾಗಂಜಿನ ಹಣ್ಣಿನ ರಸದ ಅಂಗಡಿಯಿಂದ ಬದುಕು ಆರಂಭಿಸಿದ ಗುಲ್ಶನ್ ಕುಮಾರ್ 1983ರಲ್ಲಿ ಕಟ್ಟಿದ ಸೂಪರ್ ಕ್ಯಾಸೆಟ್ಸ್, ಎಂದರೆ ಟಿ-ಸೀರೀಸ್, ಕ್ಯಾಸೆಟ್ಟನ್ನು ಉತ್ತರ ಭಾರತದ ಮನೆಮನೆಗೆ ಮುಟ್ಟಿಸಿತು. ಅದೇ ವರ್ಷ ದೆಹಲಿಯಲ್ಲಿ ಹುಟ್ಟಿದ ಮೋಸರ್ ಬೇರ್ ಸಂಸ್ಥೆ ಸಮಯ ದಾಖಲಿಸುವ ಯಂತ್ರಗಳಿಂದ ಆರಂಭಿಸಿ, ಫ್ಲಾಪಿಗೆ ಹೊರಳಿ, ಶತಮಾನದ ಕೊನೆಗೆ ನೋಯ್ಡಾದಲ್ಲಿ ಬರೆಯಬಹುದಾದ ಸಿ.ಡಿ.ಗಳನ್ನು ತಯಾರಿಸತೊಡಗಿತು. ಕೆಲವೇ ವರ್ಷಗಳಲ್ಲಿ ಅದು ಜಗತ್ತಿನ ಅತಿ ದೊಡ್ಡ ತಯಾರಕರ ಸಾಲಿನಲ್ಲಿತ್ತು. ನೆಹರೂ ಪ್ಲೇಸಿನಲ್ಲಿ ಖಾಲಿ ಸಿ.ಡಿ.ಗಳು ಕಟ್ಟುಕಟ್ಟಾಗಿ ಬಿಕರಿಯಾಗುತ್ತಿದ್ದವು. ಪಾಲಿಕಾ ಬಜಾರಿನಲ್ಲಿ ನೂರಕ್ಕೂ ಮಿಕ್ಕಿ ಹಿಂದಿ ಹಾಡುಗಳನ್ನು ತುಂಬಿದ ಒಂದೊಂದು ಎಂಪಿ3 ಸಿ.ಡಿ. ಸಿದ್ಧವಾಗಿ ದೊರೆಯುತ್ತಿತ್ತು. ಈ ನಕಲುಲೋಕವನ್ನೇ ದೆಹಲಿಯ ಆಧುನಿಕತೆಯ ಒಂದು ಮುಖವೆಂದು ಸರಾಯ್ ಕೇಂದ್ರದ ರವಿ ಸುಂದರಂ ‘ಪೈರೇಟ್ ಮಾಡರ್ನಿಟಿ’ ಎಂಬ ಪುಸ್ತಕದಲ್ಲಿ ಅಭ್ಯಸಿಸಿದ್ದಾರೆ.

ಕನ್ನಡವನ್ನು ಆ ರಾಶಿಯಲ್ಲಿ ಹುಡುಕುವುದು ವ್ಯರ್ಥವಾಗಿತ್ತು. ಹಿಂದಿ ಕೇಳುಗನಿಗೆ ಕಳ್ಳಮಾರುಕಟ್ಟೆಯಾದರೂ ಮಾಡಿಕೊಡುತ್ತಿದ್ದ ಕೆಲಸವನ್ನು ಕನ್ನಡ ಕೇಳುಗ ತಾನೇ ಮಾಡಿಕೊಳ್ಳಬೇಕಾಯಿತು. ಬೇಸಿಗೆ ರಜೆಗೆ ಊರಿಗೆ ಹೋದವರು ಬೆಂಗಳೂರಿನಲ್ಲಿ ಕೊಂಡ ಭಾವಗೀತೆ, ದಾಸರ ಪದ, ವಚನಗಳ ಸಿ.ಡಿ.ಗಳನ್ನು ಬಟ್ಟೆಯ ನಡುವೆ ಸುತ್ತಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ಹಗಲು ಎರಡು ರಾತ್ರಿ ಹೊತ್ತು ತರುತ್ತಿದ್ದರು. ಒಂದು ಗೀರು ಬಿದ್ದರೆ ಮುಂದಿನ ರಜೆಯವರೆಗೆ ಆ ಹಾಡಿಲ್ಲ. ದೆಹಲಿಯ ಧೂಳಂತೂ ಎಲ್ಲರಿಗೂ ಗೊತ್ತು.

ಹಾಡನ್ನು ಇಳಿಸಿಕೊಳ್ಳುವ ತಂತ್ರಾಂಶವೂ ಸಿ.ಡಿ.ಯ ಮೇಲೇ ಬಂದದ್ದು ಸ್ವಾರಸ್ಯದ ಸಂಗತಿ. ಪಿಸಿ ಕ್ವೆಸ್ಟ್ ಪತ್ರಿಕೆಯೂ 2003ರಿಂದ ಓಖ್ಲಾದಿಂದ ಹೊರಡತೊಡಗಿದ ‘ಲಿನಕ್ಸ್ ಫಾರ್ ಯು’ ಪತ್ರಿಕೆಯೂ ಲಿನಕ್ಸ್ ತುಂಬಿದ ಸಿ.ಡಿ.ಗಳನ್ನು ಓದುಗರಿಗೆ ಕೊಡುತ್ತಿದ್ದವು. ನಿಧಾನದ ದೂರವಾಣಿ ತಂತಿಯ ಮೇಲೆ ನೂರಾರು ಮೆಗಾಬೈಟ್ ಇಳಿಸುವುದು ಆಗದ ಮಾತಾಗಿದ್ದ ಕಾಲವದು. ಆ ಲಿನಕ್ಸಿನೊಳಗೆ, ಚಿತ್ರ-ಗುಂಡಿಗಳಿಲ್ಲದ ಕಪ್ಪು ಪರದೆಯ ಮೇಲೆ ಆದೇಶವನ್ನು ಬೆರಳಚ್ಚಿಸಿ ನಡೆಸಬೇಕಾದ ‘ಸಿಡಿಪ್ಯಾರಾನೋಯಾ’ ಇತ್ತು.

ಅದು ಮಾಡುತ್ತಿದ್ದ ಕೆಲಸ ಸುಲಭದ್ದಲ್ಲ. ಸಿ.ಡಿ.ಯಲ್ಲಿ ಒಂದು ಸೆಕೆಂಡಿನ ಧ್ವನಿ ಎಂದರೆ ಎಡ ಬಲ ಎರಡಕ್ಕೂ ತಲಾ 44,100 ಮಾದರಿಗಳು, ಒಂದೊಂದೂ 16 ಬಿಟ್ಟಿನದು. ಇವೆಲ್ಲ 75 ತುಂಡುಗಳಾಗಿ ಹಂಚಿರುತ್ತವೆ. ಕಂಪ್ಯೂಟರಿನ ಮಾಹಿತಿಗೆ ಮೀಸಲಾದ ಸಿ.ಡಿ.ಯಲ್ಲಿ ಪ್ರತಿ ತುಂಡಿನ ಮೇಲೂ ಅದರ ಖಚಿತ ವಿಳಾಸ ಇರುತ್ತದೆ. ಸಂಗೀತದ ಸಿ.ಡಿ.ಯನ್ನು ಎಡೆಬಿಡದೆ ನುಡಿಸುವುದಕ್ಕೆಂದೇ ಮಾಡಿದ್ದರಿಂದ ಅಷ್ಟು ಖಚಿತವಾದ ವಿಳಾಸ ಅಲ್ಲಿಲ್ಲ. ಓದುವ ಯಂತ್ರ ನಡುವೆ ನಿಂತು ಮತ್ತೆ ಹೊರಟರೆ ಕೂದಲೆಳೆಯಷ್ಟು ಹಿಂದಕ್ಕೋ ಮುಂದಕ್ಕೋ ಇಳಿಯುತ್ತದೆ; ಕಿವಿಗೆ ಅದು ‘ಟಿಕ್’ ಎಂದು ಕೇಳುತ್ತದೆ. ಕ್ರಿಸ್ಟೋಫರ್ ಮಾಂಟ್ಗೊಮರಿ ಬರೆದ ಈ ತಂತ್ರಾಂಶ, ಹೆಸರಿಗೆ ತಕ್ಕಂತೆ, ಯಂತ್ರದ ಮಾತನ್ನು ನಂಬುವುದೇ ಇಲ್ಲ. ಓದಿದ್ದನ್ನೇ ಒಂದರ ಮೇಲೊಂದು ಹಾಯುವಂತೆ ಮತ್ತೆ ಮತ್ತೆ ಓದಿಸಿ, ಅಂಚುಗಳು ಹೊಂದುವವರೆಗೆ ಬಿಡದು. ಹಳೆಯ ಹಸ್ತಪ್ರತಿಗಳ ಪಾಠಾಂತರಗಳನ್ನು ಎದುರುಬದುರು ಇಟ್ಟು ಶುದ್ಧಪಾಠ ತೆಗೆಯುವ ಪಂಡಿತರ ಕ್ರಮವೇ ಇದು ಎಂದರೆ ತಪ್ಪಾಗದು. ಕೆಲಸ ಸರಾಗವಾಗಿದ್ದರೆ ಪರದೆಯ ಮೇಲೆ ವಿರಾಮಚಿಹ್ನೆಗಳಿಂದ ಕಟ್ಟಿದ ಸಣ್ಣ ನಗುಮುಖ. ಗೀರು ಎದುರಾದರೆ ಆ ಮುಖ ಬಾಡುತ್ತಿತ್ತು.

ಹೀಗೆ ಬಂದದ್ದು ದೊಡ್ಡ ಫೈಲು. ಐದು ನಿಮಿಷದ ಹಾಡಿಗೆ ಸುಮಾರು 53 ಮೆಗಾಬೈಟ್. ಅದನ್ನು ಎಂಪಿ3ಗೆ ಕುಗ್ಗಿಸುವುದಕ್ಕೆ 1998ರಲ್ಲಿ ಮೈಕ್ ಚೆಂಗ್ ಆರಂಭಿಸಿದ ‘ಲೇಮ್’ ಇತ್ತು. ಸೆಕೆಂಡಿಗೆ 128 ಕಿಲೋಬಿಟ್ ಎಂದು ಆದೇಶಿಸಿದರೆ ಅದೇ ಹಾಡು 5 ಮೆಗಾಬೈಟಿನ ಒಳಗೆ ಕೂರುತ್ತಿತ್ತು. ಒಂದು ಗಟ್ಟಿ ಸ್ವರ ಪಕ್ಕದ ಮೆಲುಸ್ವರವನ್ನು ಕಿವಿಯಿಂದ ಮರೆಮಾಡುತ್ತದೆ. ಮರೆಯಾದದ್ದನ್ನು ಉಳಿಸಿ ಫಲವೇನು ಎಂಬುದೇ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಶೋಧಕರು ಹಿಡಿದ ಜಾಡು. ತಂಬೂರಿಯ ಮೇಲುಮೇಲಿನ ಝೇಂಕಾರ ಇದರಲ್ಲಿ ಸವೆಯಿತು. ತಬಲಾದ ಪೆಟ್ಟಿಗೆ ಮುಂಚೆಯೇ ಅದರ ಮಸುಕು ನೆರಳು ಕೇಳುವುದೂ ಉಂಟು. ಎಂಪಿ3ಗೆ ಪೇಟೆಂಟಿನ ತೊಡಕೂ ಇತ್ತು. 2002ರ ರೆಡ್ ಹ್ಯಾಟ್ 8 ಅದರ ಬೆಂಬಲವನ್ನೇ ತೆಗೆದುಹಾಕಿತ್ತು. ಮಾಂಟ್ಗೊಮರಿಯವರೇ ಯಾರ ಹಂಗೂ ಇಲ್ಲದ ‘ಆಗ್ ವಾರ್ಬಿಸ್’ ಎಂಬ ಬದಲಿಯನ್ನು ರೂಪಿಸಿದರು, ಜೋಶ್ ಕೋಲ್ಸನ್ ಏನನ್ನೂ ಕಳೆಯದೆ ಸುಮಾರು ಅರ್ಧಕ್ಕೆ ಕುಗ್ಗಿಸುವ ‘ಫ್ಲ್ಯಾಕ್’ ಕೊಟ್ಟರು. ಆದರೆ ಕಾರಿನ ಯಂತ್ರಗಳಿಗೆ ಸಾಮಾನ್ಯವಾಗಿ ಅರ್ಥವಾಗುತ್ತಿದ್ದುದು ಎಂಪಿ3 ಒಂದೇ. ಡಿಸ್ಕಿನ ಬೆಲೆಯೂ ಆಗ ಹಗುರವಾಗಿರಲಿಲ್ಲ. ಹೆಚ್ಚಿನ ಮನೆಗಳಲ್ಲಿ 128 ನಿಂತಿತು. ಆ ಆಯ್ಕೆಯ ಬಗ್ಗೆ ನಮಗೆ ದೊಡ್ಡ ದೂರಿಲ್ಲ. ಭಾವಗೀತೆಯ ಮಾತು ಅದರಲ್ಲಿ ಸ್ಪಷ್ಟವಾಗಿಯೇ ಕೇಳುತ್ತದೆ.

ದೂರು ಇರುವುದು ಹೆಸರಿನ ಬಗ್ಗೆ. ಇಳಿಸಿದ ಫೈಲುಗಳಿಗೆ ‘ಟ್ರ್ಯಾಕ್ 1’, ‘ಟ್ರ್ಯಾಕ್ 2’ ಎಂದಲ್ಲದೆ ಬೇರೆ ಗುರುತು ಇರಲಿಲ್ಲ. ಇದಕ್ಕೆ ಪರಿಹಾರವಾಗಿ 1990ರ ದಶಕದಲ್ಲಿ ಸಿಡಿಡಿಬಿ, ಅದರ ಹಿಂದೆ ಫ್ರೀಡಿಬಿ ಎಂಬ ಸಾರ್ವಜನಿಕ ಕೋಶಗಳು ಬಂದವು. ಹಾಡುಗಳ ಸಂಖ್ಯೆ, ಅವು ಆರಂಭವಾಗುವ ಹೊತ್ತು, ಒಟ್ಟು ಅವಧಿ, ಇಷ್ಟನ್ನು ಲೆಕ್ಕಹಾಕಿ ಎಂಟು ಅಕ್ಷರದ ಒಂದು ಗುರುತು. ಆ ಗುರುತಿನ ಸಿ.ಡಿ.ಯನ್ನು ಜಗತ್ತಿನಲ್ಲಿ ಯಾರೋ ಮೊದಲೇ ಹಾಕಿ ಹೆಸರು ತುಂಬಿದ್ದರೆ ಅದು ನಮ್ಮ ಫೈಲಿಗೂ ಬಂದು ಕೂರುತ್ತದೆ. ‘ಎಬಿಸಿಡಿಇ’ ಎಂಬ ತಂತ್ರಾಂಶ ಓದುವುದು, ಕುಗ್ಗಿಸುವುದು, ಹೆಸರು ತರುವುದು ಮೂರನ್ನೂ ಒಂದೇ ಆದೇಶದಲ್ಲಿ ಮುಗಿಸಿಕೊಡುತ್ತಿತ್ತು.

ಕನ್ನಡದ ಸಿ.ಡಿ.ಗೆ ಆ ‘ಯಾರೋ’ ಬಹುಮಟ್ಟಿಗೆ ನಮ್ಮಂತೆಯೇ ಊರು ಬಿಟ್ಟ ಕನ್ನಡಿಗರೇ ಆಗಿದ್ದಿರಬೇಕು. ಅವರ ಮುಂದಿದ್ದ ನಮೂನೆಯಲ್ಲಿ ಒಂದು ಸಾಲು ‘ಕಲಾವಿದ’ ಮತ್ತು ಸಂಪುಟದ ಹೆಸರಿಗೆ. ಮುಂದೆ ಹಾಡುಗಳ ಶೀರ್ಷಿಕೆ. ಜಾತಿಯ ಖಾನೆಗೆ ಬ್ಲೂಸ್, ಕ್ಲಾಸಿಕಲ್, ಕಂಟ್ರಿ, ಡೇಟಾ, ಫೋಕ್, ಜಾಝ್, ನ್ಯೂ ಏಜ್, ರೆಗೆ, ರಾಕ್, ಸೌಂಡ್‌ಟ್ರ್ಯಾಕ್, ಇಲ್ಲವಾದರೆ ‘ಇತರೆ’ ಎಂಬ ಹನ್ನೊಂದರಲ್ಲಿ ಒಂದನ್ನು ಆರಿಸಬೇಕು. ಭಾವಗೀತೆ ಇವುಗಳಲ್ಲಿ ಯಾವುದು? ಸಿನಿಮಾ ಹಾಡಿಗೆ ಸೌಂಡ್‌ಟ್ರ್ಯಾಕ್ ಉಂಟು, ನರಸಿಂಹಸ್ವಾಮಿಯವರ ಕವಿತೆಗೆ ‘ಇತರೆ’ಯೇ ಗತಿ. ಲಿಪಿ ರೋಮನ್; ‘ಹಳ್ಳಿ’ಗೂ ‘ಹಲ್ಲಿ’ಗೂ ಅಲ್ಲಿ ವ್ಯತ್ಯಾಸವಿಲ್ಲ. ಎಂಪಿ3ಯ ಮೊದಲ ಹೆಸರುಪಟ್ಟಿಯಲ್ಲಿ ಶೀರ್ಷಿಕೆಗೆ 30 ಬೈಟ್ ಜಾಗ. ಯೂನಿಕೋಡಿನ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್ ಬೇಕು. ‘ಮೈಸೂರು ಮಲ್ಲಿಗೆ’ ಎಂದು ಬರೆಯಲು 40. ಹೆಸರೇ ಹಿಡಿಸದ ಡಬ್ಬಿ ಅದು.

ಇದು ಬರಿಯ ತಾಂತ್ರಿಕ ಕೊರತೆಯಾಗಿದ್ದರೆ ನಾವು ಇಷ್ಟು ಹೇಳುತ್ತಿರಲಿಲ್ಲ. ಭಾವಗೀತೆ ಹುಟ್ಟಿನಿಂದಲೇ ಮೂವರ ಕೃತಿ. ಕನ್ನಡದ ಮೊದಲ ಭಾವಗೀತೆ ಧ್ವನಿಸುರುಳಿ ಎಂದು ಹೆಸರಾದ 1978ರ ‘ನಿತ್ಯೋತ್ಸವ’ದಲ್ಲಿ ಕವಿ ನಿಸಾರ್ ಅಹಮದ್, ರಾಗ ಸಂಯೋಜಕರು ಮೈಸೂರು ಅನಂತಸ್ವಾಮಿ, ಹಾಡುವವರು ಬದಲಾಗುತ್ತ ಹೋಗಬಹುದು. ಆಕಾಶವಾಣಿಯ ಉದ್ಘೋಷಕರು ರಚನೆ, ರಾಗ ಸಂಯೋಜನೆ, ಗಾಯನ ಎಂದು ಮೂರನ್ನೂ ಹೇಳಿದ ಮೇಲೆಯೇ ಹಾಡನ್ನು ಬಿಡುತ್ತಿದ್ದರು. ಕೇಳುಗರಿಗೆ ಕವಿಗಳ ಪರಿಚಯವಾದ ಬಗೆಯೂ ಹೌದು ಅದು. ‘ಕಲಾವಿದ’ ಎಂಬ ಒಂದೇ ಖಾನೆಗೆ ಈ ಮೂವರು ಬಂದು ನಿಂತಾಗ ಸಹಜವಾಗಿ ಒಳಹೊಕ್ಕವರು ಗಾಯಕರು, ಹೊರಗುಳಿದವರು ಕವಿ. ದೆಹಲಿಯಲ್ಲೇ ಹುಟ್ಟಿ ಬೆಳೆದ ಮಕ್ಕಳು ಈ ಹಾಡುಗಳನ್ನು ಕಲಿತದ್ದು ಪುಸ್ತಕದಿಂದಲ್ಲ, ಇಂಥ ಫೈಲುಗಳಿಂದ. ಅವರಿಗೆ ‘ಮೈಸೂರು ಮಲ್ಲಿಗೆ’ ಅಶ್ವತ್ಥರ ಹಾಡು. 1942ರ ಕವನ ಸಂಕಲನವೊಂದು ಅದರ ಹಿಂದಿದೆ ಎಂಬುದನ್ನು ಹೇಳುವ ಕಾಗದ ಎಂದೋ ಡಬ್ಬಿಯೊಡನೆ ರದ್ದಿಗೆ ಹೋಯಿತು.

ಭಾರತದ ಧ್ವನಿಮುದ್ರಣದ ಆರಂಭದಲ್ಲಿ ಹೀಗಿರಲಿಲ್ಲ ಎಂಬುದು ನೆನೆಯತಕ್ಕದ್ದು. 1902ರಲ್ಲಿ ಕಲ್ಕತ್ತೆಯಲ್ಲಿ ಫ್ರೆಡ್ ಗೈಸ್‌ಬರ್ಗ್ ಗೌಹರ್ ಜಾನರ ಹಾಡನ್ನು ಮುದ್ರಿಸಿದಾಗ ಆಕೆ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದರು. ತಟ್ಟೆಗಳು ತಯಾರಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಯಾವುದು ಯಾರದೆಂದು ಅಲ್ಲಿಯ ಕೆಲಸಗಾರರಿಗೆ ತಿಳಿಯಬೇಕಿತ್ತು. ಹೆಸರು ಧ್ವನಿಯೊಳಗೇ ಇದ್ದುದರಿಂದ ಯಾವ ಯಂತ್ರಕ್ಕೆ ಇಳಿಸಿದರೂ ಅದು ಕಳಚಿಕೊಳ್ಳಲಿಲ್ಲ. 1911ರ ದೆಹಲಿ ದರ್ಬಾರಿನಲ್ಲಿ ಹಾಡಿದ ಆ ಗಾಯಕಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದು 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡರು.

ಈಚಿನ ಸಂಗತಿಗಳನ್ನು ಬೇಗ ಹೇಳಬಹುದು. 2012ರ ತಿದ್ದುಪಡಿ ಕೃತಿಸ್ವಾಮ್ಯ ಕಾಯಿದೆಯಲ್ಲಿ ಸ್ವಂತ ಬಳಕೆಯ ನ್ಯಾಯಯುತ ಉಪಯೋಗವನ್ನು ಧ್ವನಿಮುದ್ರಣಕ್ಕೂ ಅನ್ವಯಿಸುವಂತೆ ವಿಸ್ತರಿಸಿತು. ಎಂಪಿ3ಯ ಪರವಾನಗಿ ವ್ಯವಸ್ಥೆ 2017ರಲ್ಲಿ ಕೊನೆಗೊಂಡಿತು. ಮೋಸರ್ ಬೇರನ್ನು ಮುಚ್ಚಲು 2018ರಲ್ಲಿ ಆದೇಶವಾಯಿತು, ಫ್ರೀಡಿಬಿ 2020ರಲ್ಲಿ ನಿಂತಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಬಾಯೇ ಇಲ್ಲ.

ಆದರೂ ಕೆಲಸ ಪೂರ್ತಿ ಕೈಮೀರಿಲ್ಲ. ಮ್ಯೂಸಿಕ್‌ಬ್ರೈನ್ಝ್ ಎಂಬ ಕೋಶದಲ್ಲಿ ಸಾಹಿತ್ಯ ಬರೆದವರಿಗೂ ಸಂಯೋಜಕರಿಗೂ ಬೇರೆ ಬೇರೆ ಜಾಗವಿದೆ, ಕನ್ನಡ ಲಿಪಿಯಲ್ಲೇ ತುಂಬಬಹುದು. ಫ್ಲ್ಯಾಕ್ ಮತ್ತು ವಾರ್ಬಿಸ್ ಫೈಲುಗಳಲ್ಲಿ ನಮಗೆ ಬೇಕಾದ ಖಾನೆಯನ್ನು ನಾವೇ ಸೃಷ್ಟಿಸಿಕೊಳ್ಳಬಹುದು. ಖಾನೆಯ ಹೆಸರು ಮಾತ್ರ ರೋಮನ್ ಅಕ್ಷರದಲ್ಲಿರಬೇಕೆಂಬ ನಿಯಮವಿದೆ. ‘ಪೊಯೆಟ್’ ಎಂದು ಹಾಗೆ ಬರೆದು, ಸಮಚಿಹ್ನೆ ಹಾಕಿ, ಮುಂದೆ ಕೆ.ಎಸ್. ನರಸಿಂಹಸ್ವಾಮಿ ಎಂದು ಕನ್ನಡದಲ್ಲಿ ತುಂಬಿದರೆ 30 ಬೈಟಿನ ಕಟ್ಟಳೆ ಅಲ್ಲಿಲ್ಲ. ‘ಮೆಟಾಫ್ಲ್ಯಾಕ್’ ಎಂಬ ಆದೇಶ ಇದಕ್ಕೆಂದೇ ಇದೆ. ಹನ್ನೆರಡು ಹಾಡಿನ ಒಂದು ಸಿ.ಡಿ.ಗೆ ಹತ್ತು ಹದಿನೈದು ನಿಮಿಷ ಸಾಕು, ಕಾಗದ ಇನ್ನೂ ಡಬ್ಬಿಯಲ್ಲಿದ್ದರೆ.